ಏಣಿ ಕುರ್ಚಿ

ಬರೆಯದೆ ಬಹಳ ದಿನ ಆಗಿತ್ತು. ಕೆಲಸ, ಓಡಾಟ, ಅದರ ಜೊತೆಗೆ ನನ್ನ ಹುಟ್ಟು ಸೋಮಾರಿತನ. ಆದರೆ ಈ ಸಲ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆಯೊಳಗೆ ಕೊರೀತಾನೇ ಇದೆ. ಬರೆದು ಮುಗಿಸಿದರೆ ಸ್ವಲ್ಪ ಹಗುರ ಆಗಬಹುದೇನೋ ಅಂತ ಕೂತಿದ್ದೀನಿ. ಕೊಂಚ ಉದ್ದ ಆಗುತ್ತೆ, ಸಹಿಸಿಕೊಳ್ಳಿ :)

ನಮ್ಮೂರು ತ್ಯಾವಣಿಗೆ. ಚನ್ನಗಿರಿ ತಾಲ್ಲೂಕು. ನಾನು ಹುಟ್ಟಿದಾಗ ಶಿವಮೊಗ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ನಮ್ಮನ್ನೂ ಆ ಕಡೆಗೆ ಸೇರಿಸಿದರು. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ, ಅತ್ತ ಸೂಳೆಕೆರೆ... ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು. ಅಲ್ಲಿ ನಮ್ಮಜ್ಜ ಕಟ್ಟಿಸಿದ ಹೆಂಚಿನ ಮನೆ. ಅಜ್ಜ ಮೇಷ್ಟ್ರಾಗಿದ್ದರು. ಪಡಸಾಲೆಯ ಒಂದು ಗೋಡೆ ಪೂರ್ತಿ ಪುಸ್ತಕ. ನೆಲದಿಂದ ಶುರುವಾಗಿ ಅಟ್ಟದ ತೊಲೆ ಮುಟ್ಟುವ ತನಕ ಹಲಗೆ ಹೊಡೆಸಿದ್ದರು. ಕೆಳಗೆ ಶಾಲೆ ಪುಸ್ತಕ, ಪಂಚಾಂಗ, ಕಸ್ತೂರಿ, ಸುಧಾ. ನಡುವೆ ಭಾರತ, ರಾಮಾಯಣ, ವಚನ. ತೀರಾ ಮೇಲಿನ ಎರಡು ಸಾಲು ಕಾದಂಬರಿ.

ಆ ಮೇಲಿನ ಸಾಲಿಗೆ ಅಜ್ಜನಿಗೂ ಕೈ ಎಟುಕುತ್ತಿರಲಿಲ್ಲ. ಅದಕ್ಕೇ ಇದ್ದದ್ದು ನಾನು ಹೇಳಹೊರಟ ಕುರ್ಚಿ.

ನೋಡೋಕೆ ಮಾಮೂಲಿ ತೇಗದ ಕೈಕುರ್ಚಿ. ಅಗಲವಾದ ಕೂರುಹಲಗೆ, ಹೊರಗೆ ಬಾಗಿದ ಹಿಂಗಾಲು, ಬೆನ್ನಿಗೆ ಮೂರು ಅಡ್ಡಪಟ್ಟಿ. ಆದರೆ ಹಿಂಬದಿಯಲ್ಲಿ ಒಂದು ಸಣ್ಣ ಹಿತ್ತಾಳೆ ಕೊಂಡಿ. ಅದನ್ನು ತೆಗೆದು, ಬೆನ್ನು ಹಿಡಿದು ಮುಂದಕ್ಕೆ ಮಗುಚಿದರೆ ಕುರ್ಚಿ ಕೂರುಹಲಗೆಯ ಹತ್ತಿರ ಎರಡು ಭಾಗ ಆಗುತ್ತೆ. ಹಿಂದಿನರ್ಧ ಬಿಜಾಗರಿಯ ಮೇಲೆ ತಿರುಗಿ, ಬೆನ್ನಿನ ಮೇಲ್ತುದಿ ನೆಲಕ್ಕೆ ಬಂದು ಕೂರುತ್ತೆ. ಅಲ್ಲಿವರೆಗೂ ಒಳಗೆ ಅಡಗಿದ್ದ ನಾಲ್ಕು ಮೆಟ್ಟಿಲು ಹೊರಗೆ ಬರುತ್ತವೆ. ಕುರ್ಚಿ ಹೋಗಿ ಏಣಿ! ಚಿಕ್ಕವರಿದ್ದಾಗ ನಮಗೆ ಇದಕ್ಕಿಂತ ದೊಡ್ಡ ಜಾದೂ ಇರಲಿಲ್ಲ. ಅಜ್ಜ ಮಗುಚುವಾಗ ನಾವೆಲ್ಲ ಸಾಲಾಗಿ ನಿಂತು ನೋಡೋದು. ನಾವೇ ಮಗುಚೋಕೆ ಹೋದರೆ ಮಾತ್ರ ಬೆನ್ನಿಗೆ ಬೀಳುತ್ತಿತ್ತು. "ಬೆರಳು ಸಿಕ್ಕಿಹಾಕ್ಕೊಂಡ್ರೆ ಕತ್ರಿಸಿ ಹೋಗ್ತಾವೆ" ಅಂತ ಗದರುತ್ತಿದ್ದರು.

ಅಜ್ಜ ಹೋಗಿ ಮೂವತ್ತು ವರ್ಷ ಆಯಿತು. ಈಗ ಮನೆ ಪಾಲಾಗಿದೆ. ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸಬೇಕು ಅಂತ ದೊಡ್ಡಪ್ಪನ ಮಕ್ಕಳು ತೀರ್ಮಾನ ಮಾಡಿದರು. ಅದಕ್ಕೆ ನಂದೇನೂ ತಕರಾರಿಲ್ಲ. ಬೆಂಗಳೂರಲ್ಲಿ ಕೂತು ಹಳೇ ಮನೆಯ ಚಂದ ವರ್ಣಿಸೋದು ಸುಲಭ, ಮಳೆಗಾಲದಲ್ಲಿ ಸೋರುವ ಹೆಂಚಿನ ಕೆಳಗೆ ಪಾತ್ರೆ ಇಡುವವರು ಅವರು ತಾನೇ. ಸಾಮಾನು ಹಂಚಿಕೊಳ್ಳುವಾಗ ತಿಜೋರಿ, ಮಂಚ, ಒನಕೆ, ಕಡಾಯಿ ಎಲ್ಲಕ್ಕೂ ಒಬ್ಬೊಬ್ಬರು ಸಿಕ್ಕರು. ಕುರ್ಚಿ ಮಾತ್ರ ಯಾರಿಗೂ ಬೇಡ. "ನೀನೇ ಓದೋನು, ತಗೊಂಡು ಹೋಗು" ಅಂದರು.

ನಾನೇನು ಮಾಡಿದೆ ಅಂತ ಹೇಳಿಬಿಡ್ತೀನಿ. ಫೋಟೋ ತೆಗೆದು ಬೆಂಗಳೂರಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿಗೆ ಕಳಿಸಿದೆ.

ನಮ್ಮ ಫ್ಲಾಟಿನಲ್ಲಿ ಜಾಗ ಇಲ್ಲ ಅನ್ನೋದು ನಾನು ಕೊಟ್ಟುಕೊಂಡ ಕಾರಣ. ಎಷ್ಟು ಬಾಳಬಹುದು ಅನ್ನೋ ಕುತೂಹಲ ಅಸಲಿ ಕಾರಣ. ಅರ್ಧ ಗಂಟೆಯಲ್ಲೇ ಆತ ಫೋನ್ ಮಾಡಿದ. "ಇಂಥದ್ದು ಇಂಗ್ಲೆಂಡಲ್ಲಿ ಮಾಡ್ತಿದ್ರು ಸಾರ್, ಇನ್ನೂರು ವರ್ಷದ ಹಿಂದೆ. ಅಲ್ಲಿಂದು ಆದ್ರೆ ಒಳ್ಳೇ ರೇಟು. ಕೆಳಗೆ ಎಲ್ಲಾದ್ರೂ ಹಿತ್ತಾಳೆ ತಗಡು, ಹೆಸರು, ಮೊಹರು ಇದ್ಯಾ ನೋಡಿ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಪಡಸಾಲೆಯಲ್ಲಿ ಇನ್ನೂರು ವರ್ಷದ ಇಂಗ್ಲಿಷ್ ಕುರ್ಚಿ! ಕಂಪ್ಯೂಟರ್ ಮುಂದೆ ಕೂತು ಹುಡುಕಿದೆ. ಆ ವಾರ ಪೂರ್ತಿ ಅದೇ ಕೆಲಸ. ಓದಿದ್ದನ್ನು ನಿಮಗೂ ಹೇಳ್ತೀನಿ, ಕಥೆ ಚೆನ್ನಾಗಿದೆ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಸಾಹುಕಾರರ ಮನೆಗಳಲ್ಲಿ ಪುಸ್ತಕದ ಕೋಣೆ ಅನ್ನೋದು ಒಂದು ಅಂತಸ್ತಿನ ಗುರುತಾಯಿತು. ಚಾವಣಿ ಎತ್ತರ, ಹಲಗೆ ಎತ್ತರ, ಹತ್ತೋಕೆ ಏಣಿ ಬೇಕು. ಆದರೆ ಅಷ್ಟು ಅಲಂಕಾರದ ಕೋಣೆಯಲ್ಲಿ ಏಣಿ ಒರಗಿಸಿಟ್ಟರೆ ಸುಣ್ಣ ಬಳಿಯೋಕೆ ಬಂದವರು ಬಿಟ್ಟುಹೋದ ಹಾಗೆ ಕಾಣುತ್ತೆ ಅಲ್ವಾ? ಅದಕ್ಕೇ ಏಣಿಯನ್ನು ಬಚ್ಚಿಡುವ ಉಪಾಯ ಶುರುವಾಯಿತು. 1774ರಲ್ಲಿ ಲಂಡನ್ನಿನ ರಾಬರ್ಟ್ ಕ್ಯಾಂಪ್‌ಬೆಲ್ ಅನ್ನುವವನು ಮೇಜಿನೊಳಗೆ ಮಡಚಿ ಕೂರುವ ಮೆಟ್ಟಿಲಿಗೆ ಪೇಟೆಂಟ್ ತಗೊಂಡ. ಥಾಮಸ್ ಶೆರಟನ್ ಅನ್ನುವ ಹೆಸರಾಂತ ವಿನ್ಯಾಸಕಾರ 1790ರ ದಶಕದ ಮೊದಲಲ್ಲಿ ತಂದ ಪುಸ್ತಕದಲ್ಲಿ ಅಂಥ ಮೇಜಿನ ಚಿತ್ರ ಹಾಕಿದ.

ಮೇಜಾಯಿತು, ಆಮೇಲೆ ಕುರ್ಚಿ. ಲಂಡನ್ನಿನ ಸ್ಟ್ರಾಂಡ್ ಹತ್ತಿರ ಕ್ಯಾಥರೀನ್ ಬೀದಿಯಲ್ಲಿ ಮಾರ್ಗನ್ ಅಂಡ್ ಸ್ಯಾಂಡರ್ಸ್ ಅಂತ ಒಂದು ಅಂಗಡಿ. ಮಡಚುವ, ಬಿಚ್ಚುವ, ಒಂದು ಇನ್ನೊಂದಾಗುವ ಸಾಮಾನಿಗೇ ಅವರು ಹೆಸರುವಾಸಿ. ಕಾರಣ ಯುದ್ಧ. ಅದು ನೆಪೋಲಿಯನ್ ಕಾಲ. ಹಡಗಿನ ಅಧಿಕಾರಿಗಳಿಗೆ, ದಂಡಿನ ಜೊತೆ ಹೊರಟವರಿಗೆ ಪೆಟ್ಟಿಗೆಯೊಳಗೆ ಹಿಡಿಯುವ ಮಂಚ, ಮೇಜು, ಕುರ್ಚಿ ಬೇಕಿತ್ತು. ಅಡ್ಮಿರಲ್ ನೆಲ್ಸನ್ ಕೂಡ ಅವರ ಗಿರಾಕಿ. ನೆಲ್ಸನ್ ಟ್ರಫಾಲ್ಗರ್ ಯುದ್ಧದಲ್ಲಿ (1805) ಸತ್ತ, ಇವರು ಅಂಗಡಿಗೇ ಟ್ರಫಾಲ್ಗರ್ ಹೌಸ್ ಅಂತ ಹೆಸರಿಟ್ಟರು. ವ್ಯಾಪಾರ ಅಂದ್ರೆ ಅದು! 1811ರ ಜುಲೈನಲ್ಲಿ ಅಕರ್ಮನ್ ಅನ್ನುವವನ ಮಾಸಪತ್ರಿಕೆಯಲ್ಲಿ ಇವರ ಏಣಿ ಕುರ್ಚಿಯ ಬಣ್ಣದ ಚಿತ್ರ ಬಂತು. ಕೂತರೆ ಕುರ್ಚಿ, ಮಗುಚಿದರೆ ನಾಲ್ಕು ಮೆಟ್ಟಿಲು. ಆ ಚಿತ್ರ ನೋಡಿ ನನಗೆ ಮೈ ಜುಮ್ಮೆಂದಿತು. ನಮ್ಮ ಪಡಸಾಲೆಯ ಕುರ್ಚಿಯ ಅಣ್ಣನ ಹಾಗೇ ಇತ್ತು.

ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹತ್ತಿರವೂ ಇಂಥದ್ದೊಂದು ಇತ್ತು, ಕೂರುಹಲಗೆ ಎತ್ತಿದರೆ ಮೆಟ್ಟಿಲು. ಫಿಲಡೆಲ್ಫಿಯಾದ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಯಲ್ಲಿ ಅದನ್ನು ಇಟ್ಟಿದ್ದಾರೆ. ವಯಸ್ಸಾದ ಮೇಲೆ ಆತ ಒಂದು ಉದ್ದ ಕೋಲಿನ ತುದಿಗೆ ಬೆರಳಿನಂಥ ಹಿಡಿ ಮಾಡಿ, ದಾರ ಎಳೆದು ಮೇಲಿನ ಪುಸ್ತಕ ಕೆಳಗಿಳಿಸುವ ಸಾಧನವನ್ನೂ ಮಾಡಿಕೊಂಡ. 1786ರಲ್ಲಿ ಅದರ ಬಗ್ಗೆ ಬರೆದೂ ಇಟ್ಟ. ಅಂದರೆ ಹತ್ತೋಕೆ ಆಗದವನಿಗೆ ಏಣಿಯಿಂದ ಏನೂ ಉಪಯೋಗವಿಲ್ಲ ಅಂತ ಅವನಿಗೂ ಗೊತ್ತಾಗಿತ್ತು. ಈ ಮಾತು ನೆನಪಿಟ್ಟುಕೊಂಡಿರಿ.

ಹೀಗೆ ಓದುತ್ತಾ ನಮ್ಮ ಕಡೆ ಇಂಥದ್ದು ಏನಿದೆ ಅಂತಲೂ ಯೋಚಿಸಿದೆ. ಚಿಕ್ಕಮಗಳೂರಿನ ಕಾಫಿ ಎಸ್ಟೇಟ್ ಬಂಗಲೆಗಳಲ್ಲಿ ಆರಾಮ ಕುರ್ಚಿ ನೋಡಿರ್ತೀರಿ. ಕೈಪಟ್ಟಿಯ ಕೆಳಗಿನಿಂದ ಇನ್ನೊಂದು ಉದ್ದ ಪಟ್ಟಿ ತಿರುಗಿಸಿ ಹೊರಗೆ ಎಳೆದರೆ ಕಾಲು ಚಾಚೋಕೆ ಜಾಗ. ತೋಟ ಸುತ್ತಿ ಬಂದ ದೊರೆ ಬೂಟುಗಾಲನ್ನು ಅದರ ಮೇಲೆ ಇಟ್ಟು ಮಲಗುತ್ತಿದ್ದ. ಕುರ್ಚಿಯೇ ಮಂಚ. ದಂಡಿನವರಿಗೆ ರೂರ್ಕಿ ಕುರ್ಚಿ ಅಂತ ಒಂದಿತ್ತು, ಪೂರ್ತಿ ಬಿಚ್ಚಿ ಗಂಟು ಕಟ್ಟಿಕೊಂಡು ಹೋಗಬಹುದು. ಇವೆಲ್ಲ ದೊರೆಗಳ ಜೊತೆ ಬಂದವು, ಆದರೆ ಮಾಡಿದ ಕೈಗಳು ಬಹಳಷ್ಟು ನಮ್ಮವೇ.

ಓದುವ ಸಾಮಾನಿನ ಮಾತಿಗೆ ಬಂದರೆ ನಮ್ಮದೇ ಆದ ವ್ಯಾಸಪೀಠ ಇಲ್ವೇ? ನಮ್ಮನೆಯಲ್ಲೂ ಒಂದಿತ್ತು. ಶ್ರಾವಣದಲ್ಲಿ ಅದರ ಮೇಲೆ ಜೈಮಿನಿ ಭಾರತ ಇಟ್ಟು ಓದಿಸುತ್ತಿದ್ದರು. ಅಂಥದ್ದೇ ಪೀಠವನ್ನು ಮುಸ್ಲಿಮರ ಮನೆಯಲ್ಲಿ ಕುರಾನ್ ಇಡೋಕೆ ಬಳಸ್ತಾರೆ, ರೆಹಾಲ್ ಅಂತ ಕರೀತಾರೆ. ಅದನ್ನು ಯಾವತ್ತಾದರೂ ಸರಿಯಾಗಿ ಗಮನಿಸಿದ್ದೀರಾ? ಒಳ್ಳೇದಾದರೆ ಒಂದೇ ಹಲಗೆ. ಮೊಳೆ ಇಲ್ಲ, ಅಂಟಿಲ್ಲ, ಬಿಜಾಗರಿ ಇಲ್ಲ. ದಪ್ಪನೆಯ ಹಲಗೆಯನ್ನು ಎರಡು ತುದಿಯಿಂದ ದಪ್ಪದ ನಡುವೆ ಸೀಳಿಕೊಂಡು ಬರ್ತಾರೆ, ಆದರೆ ಮಧ್ಯದಲ್ಲಿ ಒಂದಿಷ್ಟು ಬಿಟ್ಟು. ಆ ಬಿಟ್ಟ ಜಾಗದಲ್ಲಿ ಉಳಿಯಿಂದ ಬೆರಳಿಗೆ ಬೆರಳು ಹೆಣೆದ ಹಾಗೆ ಕೊರೆದು ಬಿಡಿಸ್ತಾರೆ. ಆಮೇಲೆ ಹಲಗೆ ಕತ್ತರಿಯ ಹಾಗೆ ತೆರೆದುಕೊಳ್ಳುತ್ತೆ. ತೆರೆದರೆ ಪೀಠ, ಮುಚ್ಚಿದರೆ ಬರೀ ಹಲಗೆ. ಎರಡು ಭಾಗ ಅನ್ನಿಸಿದರೂ ಬೇರೆ ಮಾಡೋಕೆ ಬರಲ್ಲ, ಮುರಿಯಬೇಕು ಅಷ್ಟೇ. ಮಾರ್ಗನ್ ಅಂಡ್ ಸ್ಯಾಂಡರ್ಸ್‌ನವರು ತಮ್ಮ ಸಾಮಾನಿಗೆ ಹಿತ್ತಾಳೆಯ ಹೆಸರು ತಗಡು ಹಚ್ಚುತ್ತಿದ್ದರಂತೆ. ನಮ್ಮನೆ ವ್ಯಾಸಪೀಠ ಮಾಡಿದವನ ಹೆಸರು ಅದರ ಮೇಲೆ ಎಲ್ಲೂ ಇರಲಿಲ್ಲ.

ಇರಲಿ. ನನ್ನ ತಲೆಯಲ್ಲಿದ್ದದ್ದು ಹೆಸರಿನ ತಗಡು ಮಾತ್ರ. ಒಂದು ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ.

ಅತ್ತೆ ಬಾಗಿಲಲ್ಲೇ ಇದ್ದರು. ಇವರು ಅಪ್ಪನ ತಂಗಿ, ಈಗ ಎಪ್ಪತ್ತೆಂಟು. ಮಾವ ತೀರಿಕೊಂಡ ಮೇಲೆ ಇಲ್ಲೇ ಬಂದಿದ್ದಾರೆ. ಮಂಡಿನೋವು, ಗೋಡೆ ಹಿಡಿದು ಓಡಾಡ್ತಾರೆ. "ಕುರ್ಚಿ ಒಯ್ಯಾಕೆ ಬಂದ್ಯಾ?" ಅಂದರು. "ನೋಡಾಕೆ ಬಂದೆ ಅತ್ತೆ" ಅಂದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವಲಕ್ಕಿ ತಿಂದು ಕುರ್ಚಿ ಅಡ್ಡ ಮಲಗಿಸಿದೆ. ಒಂದು ಬಿಜಾಗರಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ತಿರುಗಲೊಲ್ಲದು. ನಾನೇ ಕೈ ಹಾಕಿ ಹಾಳು ಮಾಡೋದು ಬೇಡ ಅಂತ ಬಡಗಿ ಆಚಾರ್ರನ್ನು ಕರೆಸಿದೆ.

ಆಚಾರ್ರಿಗೂ ಅರವತ್ತು ದಾಟಿದೆ. ಅವರಪ್ಪನೂ ನಮ್ಮನೆ ಕೆಲಸ ಮಾಡಿದವರೇ. ಈಗ ಇವರದ್ದು ಹೆಚ್ಚಾಗಿ ಪ್ಲೈವುಡ್, ಸನ್ಮೈಕ, ಅಡುಗೆಮನೆ ಕಪಾಟು. ಕುರ್ಚಿ ನೋಡಿದ ಕೂಡಲೇ ಕನ್ನಡಕ ಏರಿಸಿ, ನೆಲದ ಮೇಲೆ ಕೂತೇ ಬಿಟ್ಟರು. ಸ್ವಲ್ಪ ಎಣ್ಣೆ ಬಿಟ್ಟು, ತಿರುಪು ಸಡಿಲ ಮಾಡಿ, ಮೆಲ್ಲಗೆ ತಟ್ಟಿ ತಟ್ಟಿ ಮಗುಚಿದರು. ನಾನು ಟಾರ್ಚ್ ಹಿಡಿದು ತಗಡು ಹುಡುಕ್ತಿದ್ದೆ.

"ಏನ್ ಹುಡುಕ್ತೀರಿ?"

"ಎಲ್ಲಾದ್ರೂ ಹೆಸರು ಐತಾ ಅಂತ ಆಚಾರ್ರೇ. ಇಂಗ್ಲೆಂಡಿನ ಕುರ್ಚಿ ಇರಬೌದು ಇದು."

ಆಚಾರ್ರು ನಕ್ಕರು. ಮೆಟ್ಟಿಲನ್ನು ಒಂದು ಬದಿಗೆ ಸರಿಸಿ, ಅದರ ತುದಿ ಕೂರುವ ಸಂದಿನ ಹತ್ತಿರ ಬೆರಳಿಟ್ಟು ತೋರಿಸಿದರು. ಉಳಿಯಲ್ಲಿ ಕೊರೆದ ಗುರುತು. ಧೂಳು ಒರೆಸಿ ನೋಡಿದೆ. ೧. ಪಕ್ಕದ ಚೌಕಟ್ಟಿನಲ್ಲೂ ೧. ಮುಂದಿನದು ೨, ಅದರೆದುರು ೨. ಹೀಗೇ ೪ರ ತನಕ.

"ಯಾವ್ ಮೆಟ್ಲು ಯಾವ್ ತೂತಿಗೆ ಅಂತ ಕಲಸಬಾರ್ದು ನೋಡ್ರಿ, ಅದಕ್ಕೆ ನಂಬರ್ ಹಾಕ್ತಾರೆ. ಇಂಗ್ಲೆಂಡಿನೋರು ಕನ್ನಡದಾಗೆ ಹಾಕ್ತಾರೇನ್ರಿ? ಇದು ನಮ್ಮಪ್ಪನ ಕೈಕೆಲ್ಸ."

ನನ್ನ ಮುಖ ಹೇಗಾಗಿತ್ತೋ ಗೊತ್ತಿಲ್ಲ. ಅತ್ತೆ ಒಳಗಿಂದಲೇ ಹೇಳಿದರು, "ನಾನ್ ಹೇಳ್ತಿದ್ನಲ್ಲ, ನೀ ಕೇಳ್ಬೇಕಲ್ಲ!" ಅಜ್ಜನಿಗೆ ಚಿಕ್ಕಮಗಳೂರು ಕಡೆ ವರ್ಗ ಆಗಿದ್ದಾಗ ಯಾವುದೋ ಎಸ್ಟೇಟ್ ಬಂಗಲೆಯಲ್ಲಿ ಇಂಥ ಕುರ್ಚಿ ಕಂಡರಂತೆ. ಮರೆಯಬಾರದು ಅಂತ ಶಾಲೆ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು ಬಂದರಂತೆ. ಊರಿಗೆ ಬಂದು ಆಚಾರ್ರ ಅಪ್ಪನ ಮುಂದೆ ಇಟ್ಟರು. ಚಿತ್ರದಲ್ಲಿ ಕುರ್ಚಿಯೂ ಇತ್ತು, ಏಣಿಯೂ ಇತ್ತು. ಕುರ್ಚಿ ಏಣಿ ಹೇಗೆ ಆಗುತ್ತೆ ಅನ್ನೋದು ಮಾತ್ರ ಇರಲಿಲ್ಲ! ಹಿರೇ ಆಚಾರ್ರು ಮೊದಲು ಬಿದಿರುಕಡ್ಡಿಯಲ್ಲಿ ಅಂಗೈಯಗಲದ ಕುರ್ಚಿ ಕಟ್ಟಿ, ದಾರದ ಬಿಜಾಗರಿ ಹಾಕಿ ಮಗುಚಿ ಮಗುಚಿ ನೋಡಿದರಂತೆ. ಬೆನ್ನು ನೆಲ ಮುಟ್ಟಿದಾಗ ಮೆಟ್ಟಿಲೆಲ್ಲ ಸಮಮಟ್ಟ ಇರಬೇಕು. ಅಂದರೆ ಬೆನ್ನಿನ ಎತ್ತರಕ್ಕೂ ಕಾಲಿನ ಎತ್ತರಕ್ಕೂ ಲೆಕ್ಕ ಕೂಡಬೇಕು. ಆ ಕಡ್ಡಿ ಕುರ್ಚಿಯನ್ನು ಈಗಿನ ಆಚಾರ್ರು ಆಟದ ಸಾಮಾನು ಅಂತ ಆಡಿದ್ದು ಅವರಿಗೆ ನೆನಪಿದೆ.

ಲಂಡನ್ನಿನವರು ಪೇಟೆಂಟ್ ಅಂತ ಹೇಳಿಕೊಂಡು ಮಾರಿದ್ದನ್ನು ತ್ಯಾವಣಿಗೆಯಲ್ಲಿ ಒಬ್ಬರು ಒಂದು ನೋಟ್‌ಬುಕ್ ಚಿತ್ರ ನೋಡಿ ಮತ್ತೊಂದು ಸಲ ಕಂಡುಹಿಡಿದಿದ್ದರು. ಅದನ್ನು ನಾನು ಇಷ್ಟು ವರ್ಷ ಮೇಲೆ ಕೂತು, ಹತ್ತಿ, ಇಳಿದು, ಕೊನೆಗೆ ತಗಡಿಲ್ಲ ಅಂತ ಪೆಚ್ಚಾದೆ. ನಾಚಿಕೆ ಆಯಿತು. ಆದರೂ ಒಳಗೊಳಗೆ 'ರೇಟು ಹೋಯ್ತಲ್ಲ' ಅಂತ ಅನ್ನಿಸಿದ್ದೂ ನಿಜ. ನಿಮ್ಮ ಹತ್ತಿರ ಮುಚ್ಚಿಡೋದೇನು.

ಅಷ್ಟರಲ್ಲಿ ಆಚಾರ್ರು ಇನ್ನೊಂದು ತೋರಿಸಿದರು. ಮಗುಚಿದಾಗ ನೆಲಕ್ಕೆ ತಾಗುತ್ತಲ್ಲ, ಬೆನ್ನಿನ ಮೇಲ್ತುದಿ, ಅಲ್ಲಿ ಎರಡು ಕಡೆ ಸಣ್ಣ ಸಣ್ಣ ಮೊಳೆ ಹೊಡೆದು ಚರ್ಮದ ತುಂಡು ಕೂರಿಸಿತ್ತು. ಒಣಗಿ ಕಪ್ಪಾಗಿ ಮರದ ಬಣ್ಣಕ್ಕೇ ಬಂದಿದೆ. ಎರಡು ಅರ್ಧಗಳು ಒಂದಕ್ಕೊಂದು ಬಡಿಯುವ ಕಡೆಯೂ ಅಂಥದ್ದೇ. ನಾನು ಸಣ್ಣವನಿದ್ದಾಗಿಂದ ಅದನ್ನು ನೋಡಿದ್ದೆ. ಕೆಂಪು ಗಾರೆ ನೆಲಕ್ಕೆ ಗೀರು ಬೀಳಬಾರದು ಅಂತ ಅಜ್ಜ ಹಾಕಿಸಿದ್ದು ಅಂದುಕೊಂಡಿದ್ದೆ.

"ಇದು ಮೊದ್ಲು ಇರಲಿಲ್ಲಂತೆ. ಆಮೇಲೆ ಹಾಕಿದ್ದು. ನಮ್ಮಪ್ಪ ಹೇಳೋರು" ಅಂದ ಆಚಾರ್ರು ಅತ್ತೆ ಕಡೆ ನೋಡಿ ಸುಮ್ಮನಾದರು. "ಹೇಳ್ಲೇನಮ್ಮಾ?"

ಅತ್ತೆ ಸೆರಗು ಸರಿಮಾಡಿಕೊಂಡರು. "ಹೇಳು, ಇನ್ನೇನೈತಿ. ಬೈಯೋರು ಯಾರೂ ಉಳಿದಿಲ್ಲ."

ಹೇಳಿದ್ದು ಕೊನೆಗೆ ಅತ್ತೆಯೇ.

ಏಳನೇ ಕ್ಲಾಸು ಮುಗಿದ ಮೇಲೆ ಅತ್ತೆಯನ್ನು ಶಾಲೆ ಬಿಡಿಸಿದರು. ಮುಂದೆ ಓದಬೇಕು ಅಂದರೆ ಊರು ಬಿಟ್ಟು ಹೋಗಬೇಕು, ಹೆಣ್ಣುಹುಡುಗಿ ಅಂತ ಕಳಿಸಲಿಲ್ಲ. ಅಪ್ಪ, ದೊಡ್ಡಪ್ಪ ಇಬ್ಬರೂ ಹೈಸ್ಕೂಲಿಗೆ ಹೋದರು. ಮನೇಲಿ ಪುಸ್ತಕ ಇತ್ತಲ್ಲ ಅಂದೆ. ಇತ್ತು, ಆದರೆ ಹೆಣ್ಣುಮಕ್ಕಳು ಮುಟ್ಟಬಹುದಾದದ್ದು ಕೈಗೆಟುಕುವ ಸಾಲು ಮಾತ್ರ. ಕಾದಂಬರಿ ಓದಿದರೆ ಹುಡುಗೀರು ಕೆಡ್ತಾರೆ ಅಂತ ಅಜ್ಜನ ನಂಬಿಕೆ. ಅದಕ್ಕೇ ಕಾದಂಬರಿ ಮೇಲಿನ ಸಾಲಿಗೆ ಹೋಗಿದ್ದು. ನಾನು ಇಷ್ಟು ದಿನ ಆ ಜೋಡಣೆಯನ್ನು ಬರೀ ಜೋಡಣೆ ಅಂದುಕೊಂಡಿದ್ದೆ!

ಮಧ್ಯಾಹ್ನ ಊಟ ಆದ ಮೇಲೆ ಅಜ್ಜ ಒಳಗಿನ ಕೋಣೆಯಲ್ಲಿ ಮಲಗುತ್ತಿದ್ದರು. ಅತ್ತೆ ಕುರ್ಚಿ ಮಗುಚೋಕೆ ನೋಡಿದರು. ಬೆನ್ನು ನೆಲಕ್ಕೆ ತಾಗಿದ್ದೇ ಟಕ್ ಅಂತ ಸದ್ದು. ಒಂದು ಸಲ ಅಜ್ಜ ಎದ್ದು ಬಂದರು. ಅತ್ತೆ ಧೂಳು ಹೊಡೀತಿದ್ದೆ ಅಂದರು. ಎರಡನೇ ಸಲ ಆ ಸುಳ್ಳು ನಡೆಯಲ್ಲ. ಆಗ ಹಿರೇ ಆಚಾರ್ರು ಬಾಗಿಲು ರಿಪೇರಿಗೆ ಅಂತ ಬಂದಿದ್ದರು. ಹದಿನಾಲ್ಕು ವರ್ಷದ ಹುಡುಗಿ ಧೈರ್ಯ ಮಾಡಿ ಕೇಳಿದಳು, "ಆಚಾರ್ರೇ, ಕುರ್ಚಿ ಸದ್ದು ಮಾಡ್ತೈತಿ. ಸದ್ದಾಗದಂಗೆ ಮಾಡಾಕೆ ಬರ್ತೈತಾ?"

ಅವರು ಯಾಕೆ ಅಂತ ಕೇಳಲಿಲ್ಲವಂತೆ. ಮಾರನೇ ದಿನ ಹಳೇ ಚಪ್ಪಲಿಯ ಚರ್ಮ ಕತ್ತರಿಸಿ ತಂದು ಹೊಡೆದರು. ಬಿಜಾಗರಿಗೆ ಎಣ್ಣೆ ಬಿಟ್ಟರು. ಅತ್ತೆ ಹಿತ್ತಲಿಂದ ಸೆರಗಲ್ಲಿ ಅವರೆಕಾಯಿ ತುಂಬಿಕೊಂಡು ಹೋಗಿ ಅವರ ಮನೆಗೆ ಕೊಟ್ಟು ಬಂದರು.

"ಆಮೇಲೆ?"

"ಆಮೇಲೇನು, ಮದ್ವೆ ಆಗೋವರ್ಗೂ ಎರಡು ಸಾಲೂ ಮುಗಿಸ್ದೆ. ಅ.ನ.ಕೃ., ತ್ರಿವೇಣಿ, ಎಲ್ಲಾ. ಬೆಕ್ಕಿನ ಕಣ್ಣು ಮೂರು ಸಲ. ಅಲ್ಲೇ ಮೆಟ್ಲು ಮೇಲೇ ಕೂತು ಓದೋದು. ಅಪ್ಪ ಕೆಮ್ಮಿದ್ರೆ ಇಳಿದು ಮಗುಚಿ ಇಡೋದು."

ನಾನು ಕೇಳಲೇಬೇಕಿತ್ತು. "ಅಜ್ಜಂಗೆ ಗೊತ್ತಾಗ್ಲಿಲ್ವಾ ಅತ್ತೆ?"

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ದಿನಾ ಟಕ್ ಅನ್ನೋ ಕುರ್ಚಿ ಒಂದಿನ ಸುಮ್ನಾದ್ರೆ ಕೂರೋನಿಗೆ ಗೊತ್ತಾಗಲ್ವೇನೋ? ಗೊತ್ತಿತ್ತು. ಚರ್ಮ ಕಿತ್ತಾಕಲಿಲ್ಲ, ಪುಸ್ತಕ ಕೆಳಗೂ ಇಳಿಸ್ಲಿಲ್ಲ. ಹೈಸ್ಕೂಲಿಗೂ ಕಳಿಸ್ಲಿಲ್ಲ."

ಅಜ್ಜನ ಬಗ್ಗೆ ನನಗಿದ್ದ ಪ್ರೀತಿ ಈ ಮಾತಿಂದ ಕಡಿಮೆ ಆಯಿತು ಅಂತ ಹೇಳಲಾರೆ. ಆದರೆ ಆ ಪ್ರೀತಿಯನ್ನು ಎಲ್ಲಿ ಇಡಬೇಕು ಅಂತ ಇವತ್ತಿಗೂ ತಿಳೀತಿಲ್ಲ. ಕಂಡೂ ಕಾಣದ ಹಾಗೆ ಇದ್ದದ್ದು ಅವರ ಒಳ್ಳೇತನವೋ, ಅಥವಾ ಅಷ್ಟು ಮಾಡಿದ್ದೇ ಸಾಕು ಅನ್ನುವ ಸಮಾಧಾನವೋ? ಹುಡುಗಿಯ ಮಾತನ್ನು ಸರಿಯಾಗಿ ಕೇಳಿಸಿಕೊಂಡವರು ಆ ಮನೆಯಲ್ಲಿ ಒಬ್ಬರೇ, ಬಾಗಿಲು ರಿಪೇರಿಗೆ ಬಂದವರು.

ಬೆಂಗಳೂರಿಗೆ ಬಂದ ಮೇಲೆ ಗ್ರಂಥಾಲಯ ವಿಜ್ಞಾನ ಓದಿದ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ಎಸ್.ಆರ್. ರಂಗನಾಥನ್ ಅವರ ಪುಸ್ತಕ ತಂದುಕೊಟ್ಟ. ಇವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದವರು, ಕೊನೆಗಾಲದಲ್ಲಿ ಬೆಂಗಳೂರಲ್ಲೇ ಇದ್ದು 1972ರಲ್ಲಿ ಇಲ್ಲೇ ತೀರಿಕೊಂಡರು. 1931ರಲ್ಲಿ ಬಂದ ಆ ಪುಸ್ತಕದಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹೇಳ್ತಾರೆ. ಮೊದಲನೆಯದು, ಪುಸ್ತಕ ಇರೋದು ಬಳಸೋಕೆ. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಕೇಳೋಕೆ ಎಷ್ಟು ಸರಳ ಅನ್ನಿಸುತ್ತೆ. ಆದರೆ ಯುರೋಪಿನಲ್ಲಿ ಹಿಂದೆ ಪುಸ್ತಕವನ್ನು ಸರಪಳಿ ಹಾಕಿ ಹಲಗೆಗೆ ಕಟ್ಟಿಡುತ್ತಿದ್ದರು ಅನ್ನೋದರಿಂದ ಶುರುಮಾಡಿ, ಕಪಾಟು ಎಷ್ಟೆತ್ತರ ಇರಬೇಕು ಅನ್ನೋ ತನಕ ಅದೇ ಸೂತ್ರದಿಂದ ಎಳೆದು ತರ್ತಾರೆ. ಸಾಮಾನ್ಯ ಎತ್ತರದ ಮನುಷ್ಯ ಬರಿನೆಲದ ಮೇಲೆ ನಿಂತು ಕೈ ಚಾಚಿದರೆ ಎಟುಕಬೇಕು, ಅಷ್ಟೇ ಇರಲಿ ಅನ್ನೋದು ಅವರ ವಾದ.

ಅಂದರೆ ಏಣಿಯೇ ಬೇಡ!

ಇನ್ನೂರೈವತ್ತು ವರ್ಷದಿಂದ ಏಣಿಯನ್ನು ಮೇಜಿನೊಳಗೆ, ಕುರ್ಚಿಯೊಳಗೆ ಹೇಗೆ ಬಚ್ಚಿಡಬಹುದು ಅಂತ ಎಷ್ಟೊಂದು ಜಾಣರು ತಲೆ ಕೆಡಿಸಿಕೊಂಡರು. ಇವರು ಬಂದು, ಹಲಗೆ ಕೆಳಗಿಳಿಸಿ ಅಂದರು. ಅದನ್ನು ಓದುವಾಗ ನನಗೆ ಮೆಟ್ಟಿಲ ಮೇಲೆ ಕೂತ ಹುಡುಗಿ, ಒಳಗಿನ ಕೋಣೆಯ ಕೆಮ್ಮು ಎರಡೂ ನೆನಪಾದವು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಮನೆ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಕಟ್ತೀವಲ್ಲ, ಅದು ಈ ಕಾಯ್ದೆಯಿಂದಲೇ ಬಂದದ್ದು. ಅತ್ತೆ ಶಾಲೆ ಬಿಟ್ಟು ಆಗಲೇ ಕೆಲವು ವರ್ಷ ಆಗಿತ್ತು.

ಕುರ್ಚಿ ಏನಾಯ್ತು ಅಂತ ಕೇಳ್ತೀರಿ. ವ್ಯಾಪಾರಿಗೆ ಫೋನ್ ಮಾಡಿ, ಇದು ತ್ಯಾವಣಿಗೆಯದ್ದು, ಅಂಕಿ ಕನ್ನಡದಲ್ಲಿದೆ ಅಂದೆ. "ಹಾಗಾದ್ರೆ ಬರೀ ತೇಗದ ರೇಟು ಸಾರ್" ಅಂದ. ಅವನದ್ದೇನೂ ತಪ್ಪಿಲ್ಲ, ಅವನ ಲೆಕ್ಕ ಅವನದ್ದು. ಕೊಡಲ್ಲ ಅಂದೆ. ರೇಟು ಬಂದಿದ್ದರೆ ಕೊಡ್ತಿದ್ದೆನಾ? ಈ ಪ್ರಶ್ನೆ ನನ್ನನ್ನು ನಾನೇ ಕೇಳಿಕೊಂಡೆ. ಅತ್ತೆ ಮಾತಾಡೋದಕ್ಕಿಂತ ಮುಂಚೆ ಆಗಿದ್ದರೆ, ಹೌದು, ಕೊಡ್ತಿದ್ದೆ.

ಹೋದ ವಾರ ಮತ್ತೆ ಊರಿಗೆ ಹೋಗಿದ್ದೆ. ಹಳೇ ಮನೆ ಇನ್ನು ಕೆಲವೇ ದಿನ. ಗೋಡೆಯ ಹಲಗೆಗಳನ್ನು ಬಿಚ್ಚಿಸಿ, ಅದೇ ಮರದಲ್ಲಿ ಆಚಾರ್ರ ಕೈಲಿ ಒಂದು ಕಪಾಟು ಮಾಡಿಸಿದೆ. ದೊಡ್ಡಪ್ಪನ ಮಗನ ಹೊಸ ಮನೆ ಮುಗಿಯೋ ತನಕ ಅತ್ತೆ ಇರುವ ಬಾಡಿಗೆ ಮನೆಯಲ್ಲಿ ಅದನ್ನು ನಿಲ್ಲಿಸಿದ್ದೀವಿ. ಅಳತೆ ತಗೊಳ್ಳುವಾಗ ಆಚಾರ್ರು ಟೇಪು ಹಿಡಿದು ನನ್ನ ಮುಖ ನೋಡಿದರು. "ಎಷ್ಟೆತ್ತರ ಇಡ್ಲಿ?" ನಾನು ಅತ್ತೆ ಕಡೆ ಕೈ ತೋರಿಸಿದೆ. ಅತ್ತೆಯನ್ನು ಕುರ್ಚಿಯಲ್ಲಿ, ಅದೇ ಕುರ್ಚಿಯಲ್ಲಿ, ಕೂರಿಸಿ ಕೈ ಎತ್ತೋಕೆ ಹೇಳಿದರು. ಕೂತಲ್ಲಿಂದ ಕೈ ಎಲ್ಲಿಗೆ ಮುಟ್ಟಿತೋ ಅಲ್ಲಿ ಗೋಡೆಗೆ ಪೆನ್ಸಿಲ್ಲಿನಿಂದ ಗೀಟು ಹಾಕಿದರು. ಮೇಲಿನ ಹಲಗೆ ಅಲ್ಲಿಗೆ ನಿಂತಿದೆ. ನೋಡಿದವರಿಗೆ ಕಪಾಟು ಕುಳ್ಳಗೆ, ವಿಚಿತ್ರವಾಗಿ ಕಾಣುತ್ತೆ. ಕಾಣಲಿ.

ಕುರ್ಚಿ ಈಗ ಬರೀ ಕುರ್ಚಿ. ಮಗುಚೋ ಪ್ರಸಂಗವೇ ಬರಲ್ಲ. ಆದರೂ ಹೊರಡುವಾಗ ಆಚಾರ್ರು ಚೀಲದಿಂದ ಹೊಸ ಚರ್ಮದ ತುಂಡು ತೆಗೆದರು. ಹಳೇದು ಪುಡಿಪುಡಿ ಆಗಿತ್ತು. "ಇನ್ನು ಯಾಕ್ರಿ ಆಚಾರ್ರೇ, ಯಾರ್ ಹತ್ತುತಾರೆ?" ಅಂದೆ.

"ಅಪ್ಪ ಹಾಕಿದ್ದು, ಇರ್ಲಿ ಬಿಡ್ರಿ" ಅಂದರು. ದುಡ್ಡು ತಗೊಳ್ಳಲಿಲ್ಲ. ಅತ್ತೆ ಒಳಗೆ ಹೋಗಿ ಒಂದು ಚೀಲ ಅವರೆಕಾಯಿ ತಂದುಕೊಟ್ಟರು. ಅದನ್ನು ಮಾತ್ರ ತಗೊಂಡರು.

ಅವರಪ್ಪನ ಹೆಸರು ಕೇಳಿಕೊಂಡು ಬಂದಿದ್ದೀನಿ. ಅಂತರ್ಜಾಲದಲ್ಲಿ ಹಾಕೋದು ಬೇಡ ಅಂದರು ಅಂತ ಇಲ್ಲಿ ಬರೆದಿಲ್ಲ. ಒಂದು ಸಣ್ಣ ಹಿತ್ತಾಳೆ ತಗಡಿನ ಮೇಲೆ ಬರೆಸೋಕೆ ಕೊಟ್ಟಿದ್ದೀನಿ. ಮುಂದಿನ ಸಲ ಹೋದಾಗ ಕುರ್ಚಿಯ ಕೆಳಗೆ, ಆ ಕನ್ನಡ ಅಂಕಿಗಳ ಪಕ್ಕ, ಹಚ್ಚಬೇಕು.

ನಿಮ್ಮ ಊರ ಮನೆಗಳಲ್ಲೂ ಇಂಥ ಮಡಚುವ, ಮಗುಚುವ ಸಾಮಾನು ಇದ್ದೇ ಇರುತ್ತೆ. ಒಂದು ಸಲ ಅಡ್ಡ ಮಲಗಿಸಿ ನೋಡಿ. ಮಾಡಿದವರು ಯಾರು ಅಂತ ಕೇಳಿ. ಕೇಳುವಾಗ ಮನೆಯ ಹೆಂಗಸರನ್ನು ಮೊದಲು ಕೇಳಿ.